ವಿಮಾನಯಾನದಲ್ಲಿ ಮುಖಮರ್ದನ

ತುಮಕೂರು ನಗರದೊಳಗೆ ಸೇರಿಹೋಗಿರುವ ಮರಳೂರಿನಂತಹ ಊರಿನಲ್ಲಿಯೂ ಇಂದು ವಿಮಾನ ಪ್ರಯಾಣವು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮಕ್ಕಳು ಓದು ಮುಗಿಸಿ ಉದ್ಯೋಗಕ್ಕೆಂದು ಅಮೆರಿಕ, ಆಸ್ಟ್ರೇಲಿಯ, ಕೊಲ್ಲಿ ರಾಷ್ಟ್ರಗಳನ್ನು ಸೇರಿದ್ದಾರೆ. ಮಗಳ ಬಾಣಂತನಕ್ಕೆ, ಮೊಮ್ಮಗುವಿನ ನಾಮಕರಣಕ್ಕೆ, ಮಗನ ಹೊಸ ಮನೆಯ ಪ್ರವೇಶಕ್ಕೆ ಎಂದು ಅರವತ್ತು, ಎಪ್ಪತ್ತು ದಾಟಿದ ತಂದೆತಾಯಿಗಳು ಸಮುದ್ರಗಳನ್ನು ದಾಟಿ ಹೋಗಿಬರುತ್ತಿದ್ದಾರೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಆರಂಭಗೊಂಡ ಮೇಲೆ ನಮ್ಮ ಭಾಗದವರು ಬೆಂಗಳೂರಿನ ಜನಸಂದಣಿಯನ್ನು ಹೊಗದೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರಗಳ ಮಾರ್ಗವಾಗಿಯೇ ಅಲ್ಲಿಗೆ ತಲುಪಬಹುದಾಗಿದೆ. 2021ರ ಜನವರಿಯಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನಡುವೆ ಎಲ್ಲಿಯೂ ಇಳಿಯದ ನೇರ ವಿಮಾನವು ಹಾರಿದಾಗ, ಒಂದೇ ಆಸನದಲ್ಲಿ ಸುಮಾರು 17 ಗಂಟೆ ಕುಳಿತಿರುವ ಪ್ರಯಾಣವೂ ಸಾಧ್ಯವಾಯಿತು. ಇಷ್ಟು ದೀರ್ಘಕಾಲ ಕುಳಿತಿರುವುದಕ್ಕೆ ನಮ್ಮ ದೇಹವು ಒಗ್ಗಿಲ್ಲ; ವಯಸ್ಸಾದವರ ದೇಹವಂತೂ ಒಗ್ಗುವುದು ಕಷ್ಟ.

ಕಾಲು ಊದಿಕೊಳ್ಳುವುದು, ಸೊಂಟ ಹಿಡಿಯುವುದು ಎಲ್ಲರಿಗೂ ತಿಳಿದ ತೊಂದರೆಗಳು. ಮುಖದ ಆಯಾಸವನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಕಳೆದ ವರ್ಷ ಮಗಳ ಮನೆಗೆ ಹೋಗಿಬಂದ ನಮ್ಮ ಮರಳೂರಿನ ಹಿರಿಯ ತಾಯಿಯೊಬ್ಬರನ್ನು ಪ್ರಯಾಣ ಹೇಗಿತ್ತೆಂದು ವಿಚಾರಿಸಿದಾಗ ಅವರು ಕೊಟ್ಟ ಉತ್ತರ ನಮ್ಮ ಮನಸ್ಸಿನಲ್ಲಿ ಉಳಿದಿದೆ: "ಕಾಲು ನೋವು ಹೆಂಗೋ ತಡ್ಕೊಂಡೆ ಕಣ್ರೀ. ಹೆದರಿಕೆಗೆ ಹಲ್ಲು ಕಚ್ಚಿಕೊಂಡೇ ಕೂತಿದ್ದೆ ಅಂತ ಕಾಣ್ತದೆ, ಇಳಿದಾಗ ದವಡೆ ಹಿಡಿದುಕೊಂಡು ಅನ್ನ ಅಗಿಯೋಕೂ ಆಗಲಿಲ್ಲ." ಈ ಮಾತಿನಲ್ಲಿ ದೊಡ್ಡ ಶಾರೀರಕ ಸತ್ಯವೊಂದು ಅಡಗಿದೆ. ಭಯ, ಆತಂಕ, ನಿದ್ರಾಹೀನತೆ ಇವೆಲ್ಲವೂ ಮೊದಲು ಹುಬ್ಬುಗಂಟಿನಲ್ಲಿ, ಕಣತಲೆಯಲ್ಲಿ, ದವಡೆಯಲ್ಲಿ ಬಂದು ಕೂರುತ್ತವೆ. ಕುಳಿತವರಿಗೆ ಅದರ ಅರಿವೇ ಇರುವುದಿಲ್ಲ.

ವಿಮಾನದ ಒಳಗಿನ ವಾತಾವರಣವೂ ಇದಕ್ಕೆ ಸೇರಿಕೊಳ್ಳುತ್ತದೆ. ವಿಮಾನವು ಮೂವತ್ತೈದು ಸಾವಿರ ಅಡಿಗಳ ಆಸುಪಾಸಿನಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಹೊಂದಿಸಿರುತ್ತಾರೆ. ಎಂದರೆ, ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ತುದಿಯಲ್ಲಿ ರಾತ್ರಿಯಿಡೀ ಕುಳಿತಂತೆ. ಅಲ್ಲಿಯ ಗಾಳಿಯ ತೇವಾಂಶವು ಬಹುಮಟ್ಟಿಗೆ ಶೇಕಡ 20ಕ್ಕಿಂತ ಕಡಿಮೆ. ಆದುದರಿಂದ ಕಣ್ಣು ಉರಿಯುತ್ತದೆ, ತುಟಿ ಒಡೆಯುತ್ತದೆ, ಮೂಗಿನ ಒಳಪದರ ಒಣಗುತ್ತದೆ, ಮುಖದ ಚರ್ಮ ಬಿಗಿದಂತಾಗುತ್ತದೆ. ಶೌಚಾಲಯಕ್ಕೆ ಪದೇಪದೇ ಏಳಬೇಕಾದೀತೆಂಬ ಸಂಕೋಚದಿಂದ ನೀರನ್ನೇ ಕುಡಿಯದಿರುವ ಹಿರಿಯರನ್ನು ನಾವು ಬಹಳ ಕಂಡಿದ್ದೇವೆ. ಅಂಥವರಿಗೆ ಯಾವ ಮರ್ದನವೂ ಉಪಕಾರ ಮಾಡದು. ಮೊದಲು ನೀರು, ಆಮೇಲೆ ಮಿಕ್ಕದ್ದು.

ಮುಖವನ್ನು ತಾನೇ ನೀವಿಕೊಳ್ಳುವ ಕ್ರಮವು ನಮಗೆ ಹೊರಗಿನಿಂದ ಬಂದುದಲ್ಲ. ಯುಗಾದಿಯ ಬೆಳಗ್ಗೆ, ನರಕ ಚತುರ್ದಶಿಯ ನಸುಕಿನಲ್ಲಿ ಮನೆಯ ಹಿರಿಯಳು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆಯಿಟ್ಟು, ಹಣೆ, ಕೆನ್ನೆ, ಕಿವಿಗಳನ್ನು ನೀವುತ್ತಿದ್ದುದು ಇಂದಿನ ಎಷ್ಟೋ ಮಂದಿಗೆ ನೆನಪಿದೆ. ವಾಗ್ಭಟನ ಅಷ್ಟಾಂಗಹೃದಯವು ನಿತ್ಯ ಅಭ್ಯಂಗವನ್ನು ವಿಧಿಸುವಾಗ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಮಾಡಬೇಕೆಂದು ಹೇಳುತ್ತದೆ. ಕಫ ಹೆಚ್ಚಿದವರು, ಅಜೀರ್ಣವಾದವರು ಮಾಡಬಾರದೆಂದೂ ಎಚ್ಚರಿಸುತ್ತದೆ. ಸುಶ್ರುತನು ದೇಹದಲ್ಲಿ 107 ಮರ್ಮಗಳನ್ನು ಗುರುತಿಸಿ ಅವುಗಳಲ್ಲಿ 37ನ್ನು ಕತ್ತಿನಿಂದ ಮೇಲಕ್ಕೆ ಇಟ್ಟಿದ್ದಾನೆ. ಹುಬ್ಬುಗಳ ನಡುವಣದು ಸ್ಥಪನಿ, ಕಣತಲೆಯದು ಶಂಖ, ಕಣ್ಣಿನ ಹೊರಗಿನ ಕೊನೆಯದು ಅಪಾಂಗ, ಮೂಗಿನ ಇಕ್ಕೆಲದ್ದು ಫಣ. ಇಂದು ಮರ್ಮಚಿಕಿತ್ಸೆಯ ಹೆಸರಿನಲ್ಲಿ ಈ ಸ್ಥಾನಗಳನ್ನು ಬಲವಾಗಿ ಒತ್ತಿಸಿಕೊಳ್ಳುವ ಉತ್ಸಾಹ ಹೆಚ್ಚಿದೆ. ಸುಶ್ರುತನು ಇವನ್ನು ಎಣಿಸಿದ್ದು ಶಸ್ತ್ರವೈದ್ಯನು ಎಚ್ಚರದಿಂದಿರಬೇಕಾದ ಎಡೆಗಳೆಂದು. ಕಣತಲೆಯ ಶಂಖವನ್ನೂ ಕತ್ತಿನ ಸಿರೆಗಳನ್ನೂ ಆತನು ಪೆಟ್ಟು ಬಿದ್ದರೆ ಕೂಡಲೇ ಪ್ರಾಣ ಹೋಗುವ ಮರ್ಮಗಳ ಸಾಲಿನಲ್ಲಿ ಸೇರಿಸಿದ್ದಾನೆ. ಆದ್ದರಿಂದ ಇಲ್ಲಿ ಹೇಳುವ ಮರ್ದನವೆಲ್ಲವೂ ಹಗುರವಾದುದು; ಮಾಗಿದ ಬಾಳೆಯ ಹಣ್ಣನ್ನು ಕಂದದಂತೆ ಹಿಡಿಯುವಷ್ಟೇ ಬಲ ಸಾಕು.

ಇದರಿಂದ ನಿಜವಾಗಿ ಆಗುವುದೇನು? 2008ರಲ್ಲಿ ಪ್ರಕಟವಾದ ಜಪಾನಿನ ಒಂದು ಚಿಕ್ಕ ಅಧ್ಯಯನದಲ್ಲಿ 32 ಮಂದಿ ಆರೋಗ್ಯವಂತ ಸ್ತ್ರೀಯರಿಗೆ 45 ನಿಮಿಷಗಳ ಮುಖಮರ್ದನ ಮಾಡಿ ನೋಡಿದರು. ಅವರ ಆತಂಕವೂ ಮನಸ್ಸಿನ ಬೇಸರವೂ ತಗ್ಗಿದ್ದು ಕಂಡುಬಂದಿತು. ಆದರೆ ದೇಹವನ್ನು ಚುರುಕಾಗಿಡುವ ನರಮಂಡಲದ ಚಟುವಟಿಕೆ ತಗ್ಗುವ ಬದಲು ಹೆಚ್ಚಿತ್ತು. ಅದು ಬೇರೆಯವರಿಂದ ಮಾಡಿಸಿಕೊಂಡ ಮರ್ದನ, ಅದೂ ನೆಲದ ಮೇಲೆ. ಹಾಗಿದ್ದರೂ ಅದರಿಂದ ಒಂದು ಮಾತನ್ನು ತಿಳಿಯಬಹುದು: ಮುಖಮರ್ದನವು ನಿದ್ರೆಯ ಗುಳಿಗೆಯಲ್ಲ, ಮನಸ್ಸನ್ನು ಹಗುರಗೊಳಿಸುವ ಉಪಾಯ. ಚೀನಾದ ಶಾಲೆಗಳಲ್ಲಿ 1963ರಿಂದ ಮಕ್ಕಳಿಗೆ ಕಣ್ಣಿನ ಸುತ್ತ ಬೆರಳಿನಿಂದ ಒತ್ತಿಕೊಳ್ಳುವ ವ್ಯಾಯಾಮವನ್ನು ಕಲಿಸುತ್ತಾ ಬಂದಿದ್ದಾರೆ. ಅದರಿಂದ ಸಮೀಪದೃಷ್ಟಿ ತಪ್ಪುತ್ತದೆಂಬುದು ಗಟ್ಟಿಯಾಗಿ ಸಿದ್ಧಪಟ್ಟಿಲ್ಲ. ಓದಿ ದಣಿದ ಕಣ್ಣಿಗೆ ಅದೊಂದು ವಿರಾಮವೆಂದರೆ ಸಾಕು. ನಮ್ಮ ಪ್ರಯಾಣಿಕರಿಗೂ ಇಷ್ಟೇ ನಿರೀಕ್ಷೆಯಿರಲಿ.

ಇನ್ನು ಕ್ರಮ. ಮೊದಲನೆಯದಾಗಿ ಕೈ ಶುಚಿಯಾಗಿರಬೇಕು, ಮತ್ತು ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಮುಂದಿನ ಆಸನದ ಹಿಂಬದಿಯಿಂದ ಬಿಚ್ಚಿಕೊಳ್ಳುವ ಊಟದ ಹಲಗೆ, ಬೆಲ್ಟಿನ ಕೊಂಡಿ, ಕೈಯಾಸರೆ ಇವನ್ನೆಲ್ಲ ನಮಗಿಂತ ಮೊದಲು ನೂರಾರು ಮಂದಿ ಮುಟ್ಟಿರುತ್ತಾರೆ. ಅದೇ ಕೈಯಿಂದ ಕಣ್ಣು, ಮೂಗು ಮುಟ್ಟಿಕೊಂಡರೆ ನೆಗಡಿಯನ್ನು ನಾವೇ ಕರೆದಂತಾಗುತ್ತದೆ. ಸಾಬೂನಿನಿಂದ ತೊಳೆಯುವುದು ಉತ್ತಮ. ಸ್ಯಾನಿಟೈಸರ್ ಹಚ್ಚಿಕೊಂಡರೆ ಅದು ಪೂರ್ತಿ ಆರುವವರೆಗೆ ಕಣ್ಣಿನ ಹತ್ತಿರ ಕೈ ಒಯ್ಯಕೂಡದು. ಕನ್ನಡಕವನ್ನು ತೆಗೆದಿಡಬೇಕು. ಹಣೆಯಲ್ಲಿ ವಿಭೂತಿ ಧರಿಸಿದವರು ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಆರಂಭಿಸಿದರೆ ಪುಡಿ ಕಣ್ಣಿಗೆ ಜಾರದು. ಮುಗಿದ ಮೇಲೆ ಮತ್ತೆ ಧರಿಸಬಹುದು.

ಎಣ್ಣೆ ಬೇಕೇ ಬೇಕೆಂದಿಲ್ಲ. ಬೇಕೆನ್ನುವವರು ಚಿಕ್ಕ ಶೀಶೆಯಲ್ಲಿ ಒಯ್ಯಬಹುದು. ಹೊರದೇಶದ ವಿಮಾನಗಳಲ್ಲಿ ಕೈಚೀಲದೊಳಗಿನ ಯಾವ ದ್ರವದ ಶೀಶೆಯೂ 100 ಮಿಲಿಲೀಟರಿಗೆ ಮೀರಬಾರದೆಂಬ ನಿಯಮವಿದೆ. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ವಿಮಾನದ ತಂಪಿನಲ್ಲಿ ಹೆಪ್ಪುಗಟ್ಟೀತು. ಚೂರು ತೆಗೆದು ಅಂಗೈಯಲ್ಲಿ ಉಜ್ಜಿದರೆ ಕರಗುತ್ತದೆ. ಎರಡು ಹನಿ ಸಾಕು. (ತಿಪಟೂರಿನ ಕೊಬ್ಬರಿಯನ್ನು ಮಕ್ಕಳಿಗೆಂದು ಇಡಿಯಾಗಿಯೇ ಪೆಟ್ಟಿಗೆಯಲ್ಲಿ ತುಂಬಿಕೊಳ್ಳುವವರು ನಮ್ಮ ಜಿಲ್ಲೆಯಲ್ಲಿ ಬಹಳ. ಇಡೀ ಒಣಕೊಬ್ಬರಿಯು ಎಣ್ಣೆಯಂಶದಿಂದ ಬೆಂಕಿ ಹತ್ತಬಲ್ಲ ವಸ್ತುವೆಂದು ನಿಲ್ದಾಣದಲ್ಲಿ ತೆಗೆಸಿಬಿಡುತ್ತಾರೆ. ಮುಂಚೆಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು.)

ಊಟ ಮುಗಿದು ದೀಪಗಳು ಮಂದವಾದ ಸಮಯ ಇದಕ್ಕೆ ಪ್ರಶಸ್ತ. ಬೆನ್ನನ್ನು ಆಸನಕ್ಕೆ ಕೊಟ್ಟು, ಮೊಣಕೈಗಳು ಪಕ್ಕದವರಿಗೆ ತಾಕದಂತೆ ದೇಹಕ್ಕೆ ಹತ್ತಿರ ಇಟ್ಟುಕೊಳ್ಳಬೇಕು. ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿ, ಬಟ್ಟಲಿನಂತೆ ಬಾಗಿಸಿ ಮುಚ್ಚಿದ ಕಣ್ಣುಗಳ ಮೇಲಿಡಬೇಕು. ಅಂಗೈಯ ಅಂಚು ಸುತ್ತಲಿನ ಮೂಳೆಗೆ ತಾಕಬೇಕೇ ಹೊರತು ಕಣ್ಣುಗುಡ್ಡೆಗೆ ತಾಕಬಾರದು. ನಾಲ್ಕೈದು ಉಸಿರು ಹಾಗೆಯೇ ಇರಲಿ. ಬಳಿಕ ಬೆರಳುಗಳ ತುದಿಯಿಂದ ಹಣೆಯ ನಡುವಿನಿಂದ ಕಣತಲೆಯವರೆಗೆ, ಉಸಿರು ಬಿಡುತ್ತಾ ನಿಧಾನವಾಗಿ ಎಂಟು ಹತ್ತು ಬಾರಿ ನೀವುವುದು. ಹುಬ್ಬನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಗುರವಾಗಿ ಹಿಡಿದು ಮೂಗಿನ ಕಡೆಯಿಂದ ಹೊರಗಿನ ಕಡೆಗೆ ಸಾಗುವುದು. ಹುಬ್ಬುಗಳ ನಡುವೆ ನಡುಬೆರಳನ್ನು ಮೂರು ಉಸಿರಿನಷ್ಟು ಹೊತ್ತು ಇರಿಸುವುದು. ಕಣ್ಣಿನ ಕೆಳಗೆ ಉಂಗುರ ಬೆರಳನ್ನು ಮಾತ್ರ ಬಳಸಬೇಕು, ಏಕೆಂದರೆ ಅದಕ್ಕೆ ಬಲ ಕಡಿಮೆ. ಅಲ್ಲಿಯ ಚರ್ಮವೂ ಬಹಳ ತೆಳುವು. ಮೂಗಿನ ಇಕ್ಕೆಲದಿಂದ ಕೆನ್ನೆಯ ಮೂಳೆಯ ಕೆಳಗೇ ಕಿವಿಯವರೆಗೆ ಎಳೆದರೆ ಮೂಗು ಬಿಗಿದವರಿಗೆ ತುಸು ಹಿತವೆನಿಸುತ್ತದೆ.

ದವಡೆಗೆ ಬಂದಾಗ ಅವಸರ ಮಾಡಬಾರದು. ಒಮ್ಮೆ ಹಲ್ಲುಗಳನ್ನು ಕಚ್ಚಿ, ಕೆನ್ನೆಯ ಹಿಂಭಾಗದಲ್ಲಿ, ಕಿವಿಯ ಮುಂದೆ ಬೆರಳಿಟ್ಟು ನೋಡಿದರೆ ಗೆಡ್ಡೆಯಂತೆ ಉಬ್ಬುವ ಸ್ನಾಯುವೊಂದು ಸಿಗುತ್ತದೆ. ಆಹಾರವನ್ನು ಅಗಿಯುವ ಸ್ನಾಯು ಅದೇ. ಗಾತ್ರಕ್ಕೆ ಹೋಲಿಸಿದರೆ ಅದರ ಬಲ ಅಪಾರ. ಭಯಗೊಂಡವನು ಅರಿಯದೆಯೇ ಗಂಟೆಗಟ್ಟಲೆ ಬಿಗಿಹಿಡಿಯುವುದು ಅದನ್ನೇ. ಆದ್ದರಿಂದ ಮೊದಲು ಹಲ್ಲುಗಳನ್ನು ಬಿಡಿಸಬೇಕು: ತುಟಿ ಮುಚ್ಚಿರಲಿ, ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ತಾಕದಿರಲಿ, ನಾಲಗೆ ಮೇಲಂಗಳಕ್ಕೆ ಆತುಕೊಂಡಿರಲಿ. ಹಾಗಿರುವಾಗ ಮೂರು ಬೆರಳುಗಳಿಂದ ಆ ಸ್ನಾಯುವಿನ ಮೇಲೆ ಚಿಕ್ಕ ಚಿಕ್ಕ ವರ್ತುಲಗಳನ್ನು ಬಿಡಿಸುತ್ತಾ ಗದ್ದದ ಕಡೆಗೆ ಇಳಿಯಬೇಕು. ಎರಡು ನಿಮಿಷವಾದರೂ ಇಲ್ಲಿಗೆ ಕೊಡಬೇಕು. ಇಡೀ ಮರ್ದನದಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದು ಕೇಳಿದರೆ ನಾವು ಇದನ್ನೇ ಆರಿಸುತ್ತೇವೆ. ಗುಬ್ಬಿಯ ಕಡೆಯ ಅಡಿಕೆ ಸೀಮೆಯಲ್ಲಿ ಎಲೆಯಡಿಕೆಯ ಅಭ್ಯಾಸವುಳ್ಳವರಿಗೆ ಈ ಸ್ನಾಯು ಮೊದಲೇ ದಣಿದಿರುತ್ತದೆ. ಅವರಲ್ಲಿ ಯಾರಿಗಾದರೂ ಬಾಯಿ ಮೊದಲಿನಷ್ಟು ಅಗಲವಾಗಿ ತೆರೆಯದಿದ್ದರೆ, ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ ಅದು ಪ್ರಯಾಣದ ಬಿಗಿತವಲ್ಲ, ಅಡಿಕೆಯಿಂದ ಬಾಯೊಳಗಿನ ಪದರ ಗಡುಸಾಗುವ ರೋಗದ ಲಕ್ಷಣವಿರಬಹುದು. ಮರ್ದನದಿಂದ ಅದು ಸಡಿಲವಾಗದು, ದಂತವೈದ್ಯರಿಗೇ ತೋರಿಸಬೇಕು.

ಕೊನೆಗೆ ಕಿವಿಯ ಹಾಲೆಗಳನ್ನು ಮೆಲ್ಲಗೆ ಕೆಳಕ್ಕೆ ಎಳೆದು ಬಿಟ್ಟು, ಕತ್ತಿನ ಹಿಂಭಾಗವನ್ನು ಅಂಗೈಯಿಂದ ನೀವಿದರೆ ಮುಗಿಯಿತು. ಎಲ್ಲವೂ ಸೇರಿ ಏಳೆಂಟು ನಿಮಿಷ. ಮೂರು ನಾಲ್ಕು ಗಂಟೆಗೊಮ್ಮೆ ಮಾಡಬಹುದು. ಆಗ ಎದ್ದು ನಾಲ್ಕು ಹೆಜ್ಜೆ ನಡೆದು ಬರುವುದನ್ನೂ ಸೇರಿಸಿಕೊಳ್ಳಬೇಕು, ಏಕೆಂದರೆ ದೀರ್ಘ ಪ್ರಯಾಣದಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯಕ್ಕೆ ಮುಖಮರ್ದನವು ಏನೂ ಮಾಡಲಾರದು.

ಮಾಡಬಾರದ ಕೆಲವನ್ನು ಸ್ಪಷ್ಟವಾಗಿಯೇ ಹೇಳಬೇಕು. ಕಣ್ಣುಗುಡ್ಡೆಯನ್ನು ಒತ್ತಕೂಡದು, ಆ ಒತ್ತಡದಿಂದ ಹೃದಯದ ಬಡಿತ ನಿಧಾನವಾಗುವುದುಂಟು. ದವಡೆಯ ಮೂಲೆಯ ಕೆಳಗೆ, ಕತ್ತಿನ ಇಕ್ಕೆಲಗಳಲ್ಲಿ ನಾಡಿ ಮಿಡಿಯುವ ಎಡೆಯನ್ನು ಉಜ್ಜಕೂಡದು. ವಯಸ್ಸಾದವರಲ್ಲಿ ಅದರಿಂದ ರಕ್ತದೊತ್ತಡ ಇಳಿದು ಪ್ರಜ್ಞೆ ತಪ್ಪಬಹುದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಈಚೆಗೆ ಆಗಿದ್ದವರು, ಗ್ಲಾಕೋಮ ಇರುವವರು ಕಣ್ಣಿನ ಸುತ್ತಲಿನ ಭಾಗವನ್ನು ಬಿಟ್ಟುಬಿಡಬೇಕು. ಅಕ್ಷಿಪಟಲದ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬಿದ್ದರೆ ಅದು ಕರಗಿತೆಂದು ವೈದ್ಯರು ಹೇಳುವವರೆಗೆ ವಿಮಾನವನ್ನೇ ಏರಬಾರದು. ರಕ್ತ ತೆಳುವಾಗಿಸುವ ಔಷಧ ಸೇವಿಸುವವರಿಗೆ ಸ್ವಲ್ಪ ಒತ್ತಿದರೂ ಚರ್ಮ ಕಂದುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ದವಡೆಯ ನೋವೆಲ್ಲವೂ ಹಲ್ಲು ಕಚ್ಚಿದ ನೋವಲ್ಲ. ನೋವಿನೊಂದಿಗೆ ಎದೆ ಹಿಡಿದಂತಾಗುವುದು, ಎಡತೋಳಿಗೆ ಹರಡುವುದು, ಬೆವರು, ಏದುಸಿರು ಕಂಡರೆ ಅದು ಹೃದಯಾಘಾತವಿರಬಹುದು. ಸ್ತ್ರೀಯರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವಿಲ್ಲದೆಯೂ ಬರಬಹುದು. ಮುಖದ ಒಂದು ಪಕ್ಕ ಜೋತುಬಿದ್ದು, ಮಾತು ತೊದಲಿ, ಒಂದು ಕೈ ಸೋತರೆ ಅದು ಪಾರ್ಶ್ವವಾಯು. ಆಗ ಉಜ್ಜುತ್ತಾ ಕೂರದೆ ತಲೆಯ ಮೇಲಿರುವ ಗುಂಡಿಯನ್ನು ಒತ್ತಿ ಸಿಬ್ಬಂದಿಯನ್ನು ಕರೆಯಬೇಕು. ಆಂಗ್ಲ ಬಾರದೆಂದು ಸಂಕೋಚಪಟ್ಟು ನಮ್ಮ ಹಿರಿಯರು ಸುಮ್ಮನಿರುತ್ತಾರೆ. ಮಕ್ಕಳು ಮುಂಚಿತವಾಗಿಯೇ ರೋಗಗಳ ಮತ್ತು ಔಷಧಗಳ ವಿವರವನ್ನು ಇಂಗ್ಲಿಷಿನಲ್ಲಿ ಒಂದು ಚೀಟಿಯಲ್ಲಿ ಬರೆದು ತಂದೆತಾಯಿಗಳ ಜೇಬಿನಲ್ಲಿ, ಕೈಚೀಲದಲ್ಲಿ ಇಟ್ಟಿರಬೇಕು. ಆ ಚೀಟಿಯನ್ನು ತೋರಿಸಿದರೂ ಸಾಕು.

ಇಳಿಯುವಾಗಿನ ಕಿವಿಯ ನೋವಿನ ವಿಷಯ ಉಳಿಯಿತು. ಮಧ್ಯಕಿವಿಯನ್ನು ಗಂಟಲಿಗೆ ಕೂಡಿಸುವ ಯೂಸ್ಟೇಷಿಯನ್ ನಾಳವು ವಿಮಾನ ಏರುವಾಗ ಸುಲಭವಾಗಿ ತೆರೆಯುತ್ತದೆ, ಇಳಿಯುವಾಗ ಮುಚ್ಚಿಕೊಳ್ಳುತ್ತದೆ. ಆದ್ದರಿಂದಲೇ ನೋವು ಇಳಿಯುವಾಗ ಹೆಚ್ಚು. ಕಿವಿಯ ಸುತ್ತ ಉಜ್ಜುವುದರಿಂದ ಆ ನಾಳ ತೆರೆಯದು. ನುಂಗುವುದು, ಆಕಳಿಸುವುದು, ದವಡೆಯನ್ನು ಅತ್ತಿತ್ತ ಆಡಿಸುವುದು ಇವೇ ತೆರೆಸುವ ಕ್ರಿಯೆಗಳು. ವಿಮಾನವು ಕೆಳಗಿಳಿಯತೊಡಗಿದೆಯೆಂದು ಪ್ರಕಟಣೆ ಬಂದಾಗ ನಿದ್ರೆಯಲ್ಲಿರುವವರನ್ನು ಎಬ್ಬಿಸಿ, ಬಾಯಲ್ಲಿ ಒಂದು ಕಲ್ಲುಸಕ್ಕರೆಯ ಹರಳನ್ನೋ ಏಲಕ್ಕಿಯನ್ನೋ ಇಟ್ಟುಕೊಂಡು ಆಗಾಗ ನುಂಗುತ್ತಿರುವಂತೆ ಹೇಳಬೇಕು. ಹಸುಗೂಸಿಗೆ ಹಾಲು ಕುಡಿಸಬೇಕು. ನೆಗಡಿ ಬಲವಾಗಿದ್ದರೆ ಹೊರಡುವ ಮುಂಚೆಯೇ ವೈದ್ಯರನ್ನು ಕಾಣುವುದು ಮೇಲು. ಚಕ್ರಗಳು ನೆಲ ಮುಟ್ಟುವ ಹೊತ್ತಿಗೆ ಕನ್ನಡಕ ಮೂಗಿನ ಮೇಲೆ, ಬೆಲ್ಟು ಸೊಂಟದ ಮೇಲೆ, ಹಲ್ಲುಗಳು ಬಿಡಿಯಾಗಿ ಇರಲಿ.