‘ಅನಿಕೇತನ’ದ ನಡೆ ಮತ್ತು ನಾದ

ಕುವೆಂಪು ಅವರ ‘ಅನಿಕೇತನ’ವನ್ನು ಕೇಳದ ಕನ್ನಡಿಗರು ವಿರಳ. ಹಾಡಾಗಿ ಅದು ಎಷ್ಟು ಪರಿಚಿತವೆಂದರೆ, ಕವಿತೆಯ ಕಟ್ಟಡವನ್ನು ನಾವು ಗಮನಿಸುವುದನ್ನೇ ಬಿಟ್ಟಿದ್ದೇವೆ. ಯಾವ ನೆಲೆಗೂ ಕಟ್ಟುಬೀಳದ ಸ್ವಾತಂತ್ರ್ಯ ಅದರ ವಸ್ತು. ಆ ಸ್ವಾತಂತ್ರ್ಯ ಶಬ್ದದಲ್ಲಿ ಹೇಗೆ ಮೂಡಿದೆಯೆಂದು ಈ ಹೊತ್ತು ಕೊಂಚ ನೋಡೋಣ.

ಮೊದಲ ಪದ್ಯಗಳ ನಡೆ ಸರಳ. ಮೂರು ಮಾತ್ರೆಯ ನಾಲ್ಕು ಗಣಗಳು, ಸಾಲಿಗೆ 12 ಮಾತ್ರೆ; ಉತ್ಸಾಹ ರಗಳೆಯ ಲಯ ಬಲ್ಲವರಿಗೆ ಇದು ಹೊಸತಲ್ಲ. ಹೆಚ್ಚಿನ ಸಾಲುಗಳ ತುದಿಯಲ್ಲಿ ದಾಟುವ, ಮೀರುವ, ಏರುವ ಕ್ರಿಯೆಗಳಿವೆ. ಅವು ಭೂತನ್ಯೂನಗಳಾದ್ದರಿಂದ ಅರ್ಥವು ಎಲ್ಲಿಯೂ ನಿಲ್ಲದೆ ಮುಂದಿನ ಸಾಲಿಗೆ ಹರಿಯುತ್ತದೆ.

ಅನಂತರ ನಡೆ ಕದಲುತ್ತದೆ. ಮನೆಯನ್ನು ಕುರಿತ ಸಾಲಿನಲ್ಲಿಯೂ ಕೊನೆಯನ್ನು ಕುರಿತ ಸಾಲಿನಲ್ಲಿಯೂ ಹನ್ನೊಂದೇ ಮಾತ್ರೆ. ಕಡೆಯ ಗಣದಲ್ಲಿ ಒಂದು ಕಡಿಮೆ. ಹಾಡುವವರು ಈ ಕೊರತೆಯನ್ನು ಎಳೆದು ತುಂಬಿಬಿಡುತ್ತಾರೆ. ನನಗೆ ಅದು ರುಚಿಸದು. ನಿಷೇಧದ ಮಾತು ಅಲ್ಲಿ ಥಟ್ಟನೆ ನಿಲ್ಲಬೇಕು.

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದು ಕೋಲಾರ ಚಿನ್ನದ ಗಣಿ ಪ್ರದೇಶದ ಕಾಲೇಜಿಗೆ ಹೋಗುತ್ತಿದ್ದ ನನಗೆ, ತಮಿಳು ಮನೆಮಾತಿನ ವಿದ್ಯಾರ್ಥಿಗಳೇ ಹೆಚ್ಚು. ‘ಮನೆ’, ‘ಕೊನೆ’ಗಳ ದ್ವಿತೀಯಾಕ್ಷರ ಪ್ರಾಸವನ್ನು ಅವರಿಗೆ ವಿವರಿಸಬೇಕಾಗಿರಲಿಲ್ಲ. ತಮಿಳಿನಲ್ಲಿ ಅದೇ ‘ಎದುಗೈ’. ಆದರೆ 2001ರಲ್ಲಿ ಗಣಿ ಮುಚ್ಚಿದ ಮೇಲೆ, ಕಂಪನಿಯ ಲೈನ್ ಮನೆಯಲ್ಲಿ ಬೆಳೆದ ಹುಡುಗನೊಬ್ಬ ಕೇಳಿದ: “ಇರೋ ಮನೆಯೇ ನಮ್ಮದಲ್ಲ. ಕಟ್ಟಲೂ ಬೇಡ ಅಂದರೆ ನಾವು ಎಲ್ಲಿಗೆ ಹೋಗೋದು, ಸಾರ್?”

ಆ ಪ್ರಶ್ನೆ ಬರಿಯ ತುಂಟತನದ್ದಲ್ಲ. ಉತ್ತರ ಕವಿತೆಯ ವ್ಯಾಕರಣದಲ್ಲಿದೆ. ಅಲ್ಲಿಯ ವಿಧಿ, ನಿಷೇಧಗಳೆಲ್ಲ ಸಂಬೋಧಿಸುವುದು ತನ್ನದೇ ಚೇತನವನ್ನು, ಪಕ್ಕದವನನ್ನಲ್ಲ. ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ‘ಅನಿಕೇತಃ’ ಎಂಬುದು ಭಕ್ತನ ಲಕ್ಷಣ, ಒಂದು ವಿಶೇಷಣ. ಕುವೆಂಪು ಅದನ್ನು ತನಗೆ ತಾನೇ ಹೇಳಿಕೊಳ್ಳುವ ಆಜ್ಞೆಯಾಗಿಸಿದರು. ಮನೆ ಬಿಡೆಂದು ಇನ್ನೊಬ್ಬರು ಹೇಳಿದರೆ ಅದು ಅನಿಕೇತನವಲ್ಲ, ಒಕ್ಕಲೆಬ್ಬಿಸುವುದು. ಈ ಭೇದವನ್ನು ಮರೆತು ಸಭೆಗಳಲ್ಲಿ ಪರರಿಗೆ ಉಪದೇಶವಾಗಿ ಇದನ್ನು ಹಾಡಿಸುವವರೂ ಇದ್ದಾರೆ!

ಕಡೆಯ ಪದ್ಯದಲ್ಲಿ ‘ಆಗು’ ಎಂಬ ಒಂದೇ ಕ್ರಿಯಾಪದ ನಾಲ್ಕು ಸಲ ಬಂದು ಇಡೀ ಸಾಲನ್ನು ತುಂಬುತ್ತದೆ. ಒಂದೊಂದು ಆಜ್ಞೆಗೂ ಮೂರು ಮಾತ್ರೆ, ಒಂದೊಂದೂ ಒಂದು ಗಣ. ಹಿಂದೆ ಕೊರತೆಯಾಗಿದ್ದ ಮಾತ್ರೆ ಇಲ್ಲಿ ಮರಳಿ, ಹನ್ನೆರಡೂ ತುಂಬುತ್ತವೆ.