ಎರಡನೇ ಸಲ ಓದಿದ್ದು ಡಿಸ್ಕನ್ನಲ್ಲ

ನಿಮ್ಮ ಹತ್ತಿರ 2 ಜಿಬಿಯ ಪಠ್ಯ ಕಡತವೊಂದಿದೆ ಎನ್ನಿ. ಅದರಲ್ಲಿ ‘ಚೌಳಹಿರಿಯೂರು’ ಎಂಬ ಊರ ಹೆಸರು ಎಲ್ಲೆಲ್ಲಿ ಬಂದಿದೆಯೆಂದು ಲಿನಕ್ಸ್‌ನಲ್ಲಿ ಗ್ರೆಪ್ ಆಜ್ಞೆ ಕೊಟ್ಟು ಹುಡುಕಿ. ಸೆಕೆಂಡಿಗೆ 100 ಎಂಬಿ ಓದುವ ಹಾರ್ಡ್ ಡಿಸ್ಕ್ ಆದರೆ 20 ಸೆಕೆಂಡು ಹಿಡಿಯುತ್ತದೆ. ಅದೇ ಆಜ್ಞೆಯನ್ನು ಮತ್ತೊಮ್ಮೆ ಕೊಡಿ, ಒಂದೆರಡು ಸೆಕೆಂಡಿನಲ್ಲಿ ಉತ್ತರ ಸಿಗಬಹುದು. ಡಿಸ್ಕೇನೂ ಚುರುಕಾಗಿಲ್ಲ. ಈ ಸಲ ಅದನ್ನು ಯಾರೂ ಮುಟ್ಟಲೇ ಇಲ್ಲ.

ಇದರ ಗುಟ್ಟು ತಿಳಿಯಲು ಕಡೂರಿನ ಬಯಲುಸೀಮೆಯ ಹಳಬರಿಗಾದರೆ ಹಗೇವು ಎಂದರೆ ಸಾಕು. ನೆಲದಡಿಯ ಹಗೇವಿನಿಂದ ರಾಗಿ ತೆಗೆಯಲು ಬಾಯಿ ಬಿಡಿಸಬೇಕು, ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು, ಆಮೇಲೆ ಇಳಿಯಬೇಕು. ಇಷ್ಟೆಲ್ಲ ಪಾಡುಪಟ್ಟು ಒಂದು ಸೇರು ತರುವವರುಂಟೆ? ಮೂಟೆಗಟ್ಟಲೆ ತೆಗೆದು ಮನೆಯ ವಾಡೆಗೆ ತುಂಬುತ್ತಾರೆ. ಲಿನಕ್ಸ್‌ನ ತಿರುಳಾದ ಕರ್ನಲ್ ಮಾಡುವುದೂ ಅದನ್ನೇ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಬೇಕಾದ ಜಾಗ ಸುತ್ತಿ ಬರಲಿಕ್ಕೇ ಸರಾಸರಿ 4 ಮಿಲಿಸೆಕೆಂಡು ಬೇಕು; ಓದುವ ತಲೆ ಆ ಜಾಡಿಗೆ ಸರಿಯುವ ಹೊತ್ತು ಬೇರೆ. ‘ಚೌಳಹಿರಿಯೂರು’ ಯುಟಿಎಫ್-8ರಲ್ಲಿ 33 ಬೈಟ್ ಅಷ್ಟೇ, ಆದರೆ ಕರ್ನಲ್ ಎತ್ತುವುದು ಸಾಮಾನ್ಯವಾಗಿ 4096 ಬೈಟಿನ ಪುಟಗಳ ಲೆಕ್ಕದಲ್ಲಿ. ಓದು ಸಾಲಾಗಿ ಸಾಗುತ್ತಿದೆ ಎಂದು ಕಂಡರೆ ಕೇಳುವ ಮೊದಲೇ ಮುಂದಿನ ಪುಟಗಳನ್ನೂ ತಂದಿಡುತ್ತದೆ. ತಂದದ್ದೆಲ್ಲ ರ‍್ಯಾಮ್‌ನಲ್ಲಿ ಉಳಿಯುತ್ತದೆ. ಇದೇ ಪೇಜ್ ಕ್ಯಾಶ್.

‘ಫ್ರೀ’ ಆಜ್ಞೆ ಕೊಟ್ಟು, ಮೆಮೊರಿಯೆಲ್ಲ ಮುಗಿದೇಹೋಯಿತೆಂದು ಗಾಬರಿಯಾಗುವವರು ಈಗಲೂ ಇದ್ದಾರೆ. ‘ಅವೈಲಬಲ್’ ಎಂಬ ಕಾಲಂ ನೋಡಿ. ಯಾವುದಾದರೂ ಪ್ರೋಗ್ರಾಂಗೆ ಜಾಗ ಬೇಕಾದರೆ ಕರ್ನಲ್ ಕ್ಯಾಶ್‌ನ ಪುಟಗಳನ್ನು ಬಿಟ್ಟುಕೊಡುತ್ತದೆ.

ಡಿಸ್ಕಿನ ನಿಜವಾದ ವೇಗ ಅಳೆಯಬೇಕೆಂದರೆ ಮೊದಲು ವಾಡೆ ಬರಿದು ಮಾಡಬೇಕು. ‘ಸಿಂಕ್’ ಕೊಟ್ಟು, ಬಳಿಕ ರೂಟ್ ಆಗಿ ಪ್ರಾಕ್‌ನ ಒಳಗಿನ ‘ಡ್ರಾಪ್ ಕ್ಯಾಶಸ್’ ಕಡತಕ್ಕೆ 3 ಎಂದು ಬರೆಯಿರಿ. ಡಿಸ್ಕಿಗೆ ಇನ್ನೂ ಬರೆಯದ ಪುಟಗಳನ್ನು ಇದು ತೆರವು ಮಾಡುವುದಿಲ್ಲ, ಸಿಂಕ್ ಮೊದಲು ಬರುವುದು ಅದಕ್ಕೇ. ಗಣಕ ನಿಧಾನವಾದಾಗಲೆಲ್ಲ ಇದನ್ನು ಮಾಡಿ ಎಂಬ ಸಲಹೆಯೂ ಓಡಾಡುತ್ತಿದೆ. ಕಿವಿಗೆ ಹಾಕಿಕೊಳ್ಳಬೇಡಿ, ತುಂಬಿದ ವಾಡೆ ಚೆಲ್ಲಿ ಮತ್ತೆ ಹಗೇವಿಗಿಳಿದ ಹಾಗಾಗುತ್ತದೆ. ವರ್ಚುವಲ್ ಯಂತ್ರದಲ್ಲಾದರೆ ಇಲ್ಲಿ ಖಾಲಿ ಮಾಡಿದರೂ ಹೊರಗಿನ ಯಂತ್ರದ ರ‍್ಯಾಮ್‌ನಲ್ಲಿ ಅದೇ ಕಡತ ಕುಳಿತಿರಬಹುದು. ಅಲ್ಲಿನ ಅಂಕಿಯನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ಈಗ ಗ್ರೆಪ್‌ನ ಮುಂದೆ ‘ಟೈಮ್’ ಸೇರಿಸಿ. ಪ್ರೊಸೆಸರ್ ದುಡಿದ ‘ಯೂಸರ್’ ಮತ್ತು ‘ಸಿಸ್’ ಹೊತ್ತು ಕೂಡಿದರೂ, ಒಟ್ಟು ಹಿಡಿದ ‘ರಿಯಲ್’ ಹೊತ್ತು ಅದಕ್ಕಿಂತ ಬಹಳ ಹೆಚ್ಚಿದ್ದರೆ, ಬೇರೆ ಕೆಲಸವಿಲ್ಲದ ಯಂತ್ರದಲ್ಲಿ ಆ ಹೆಚ್ಚಿನ ಹೊತ್ತೆಲ್ಲ ಡಿಸ್ಕಿಗಾಗಿ ಕಾದದ್ದು. ಎರಡೂ ಹತ್ತಿರವಿದ್ದರೆ ತಡ ಪ್ರೊಸೆಸರ್‌ನದು. ಹೊಸ ಎಸ್‌ಎಸ್‌ಡಿ ತಂದರೂ ದುಡ್ಡು ದಂಡ.

ಕಡತ ರ‍್ಯಾಮ್‌ಗಿಂತ ದೊಡ್ಡದಾದರೆ ಕಥೆಯೇ ಬೇರೆ. 8 ಜಿಬಿ ರ‍್ಯಾಮ್‌ನಲ್ಲಿ 16 ಜಿಬಿ ಕಡತ ಓದುತ್ತ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನ ಪುಟಗಳು ಬಹುಪಾಲು ಹೊರಬಿದ್ದಿರುತ್ತವೆ. ಮತ್ತೆ ಮೊದಲಿನಿಂದ ಓದಲು ಹೊರಟರೆ, ಎರಡನೇ ಸಲವೂ ಹೆಚ್ಚುಕಡಿಮೆ ಮೊದಲಿನಷ್ಟೇ ಹೊತ್ತು.