ಮಂಗಳೂರಿನ ಹಿತ್ತಾಳೆ, ಕೈರೋದ ಕಾಗದ

ಮಂಗಳೂರಿನ ಒಬ್ಬ ಯಹೂದಿ ವ್ಯಾಪಾರಿಯ ಬದುಕು ಉಳಿದದ್ದು ಕೈರೋದ ಸಿನಗಾಗ್ ಒಂದರ ಹಳೇ ಕಾಗದದ ಕೋಣೆಯಲ್ಲಿ!

ಹೆಸರು ಅಬ್ರಹಾಂ ಬೆನ್ ಯಿಜು. ಹುಟ್ಟೂರು ಟ್ಯುನೀಷಿಯಾದ ಮಹ್ದಿಯಾ. 1132ರ ಹೊತ್ತಿಗೆ ಮಂಗಳೂರು ಸೇರಿದ್ದವನು ಹಲವು ವರ್ಷ ಈ ಕರಾವಳಿಯಲ್ಲಿ ಕಳೆದ. ಹಿತ್ತಾಳೆ ಕಾರ್ಖಾನೆ ನಡೆಸಿದ. ಏಡನ್ ಬಂದರಿನ ಗೆಳೆಯರು ಒಡೆದ ಪಾತ್ರೆಗಳನ್ನು ಹಡಗಿಗೆ ಹಾಕಿ ಕಳಿಸುತ್ತಿದ್ದರು; ಇಲ್ಲಿ ಅವು ಕರಗಿ, ಹೊಸ ಪಾತ್ರೆಗಳಾಗಿ ವಾಪಸ್ ಹೋಗುತ್ತಿದ್ದವು. ಜೊತೆಗೆ ನಮ್ಮ ಅಡಿಕೆ, ಮೆಣಸು. ಅಲ್ಲಿಂದ ಬರುತ್ತಿದ್ದದ್ದು ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ.

1132ರ ಅಕ್ಟೋಬರ್‌ನಲ್ಲಿ ಆಶು ಎಂಬ ದಾಸಿಗೆ ಅವನು ಬಿಡುಗಡೆ ಪತ್ರ ಬರೆದುಕೊಟ್ಟ. ಅವನ ಮಕ್ಕಳ ತಾಯಿ ಅವಳೇ ಎನ್ನುತ್ತಾರೆ ವಿದ್ವಾಂಸರು.

ಇನ್ನೊಬ್ಬ ಅವನ ಆಳು. ವ್ಯಾಪಾರಕ್ಕೆಂದು ಏಡನ್‌ಗೆ ಹೋದವನು ಕುಡಿದು ಬಂದು ದುಡ್ಡು ಕೇಳಿದನಂತೆ. ಅಲ್ಲಿಯ ವರ್ತಕ ಮದ್ಮೂನ್ ಪತ್ರದಲ್ಲೇ ದೂರಿದ್ದಾನೆ. ಲೇಖಕ ಅಮಿತಾವ್ ಘೋಷ್ ಆ ಆಳಿನ ಹೆಸರನ್ನು ಓದಿದ್ದು ಬೊಮ್ಮ ಎಂದು. ಎಷ್ಟು ನಮ್ಮದು ಅನ್ನಿಸುವ ಹೆಸರು!

ದೇವರ ಹೆಸರಿರುವ ಕಾಗದ ಎಸೆಯಬಾರದೆಂಬ ನಂಬಿಕೆ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಈ ಪತ್ರಗಳನ್ನೆಲ್ಲ ಕಾಪಾಡಿತು. 1896–97ರಲ್ಲಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಆ ಕೋಣೆಯ ರಾಶಿಯನ್ನು ಕೇಂಬ್ರಿಜ್‌ಗೆ ಸಾಗಿಸಿದರು.

ಬೆನ್ ಯಿಜು? 1149ರಲ್ಲಿ ಮಕ್ಕಳೊಂದಿಗೆ ಏಡನ್ ತಲುಪಿ, ಸಹೋದರನಿಗೆ ಪತ್ರ ಬರೆದ.